ಸಮುದ್ರದ ನಿಧಿ ಅಂತ ನಂಬಿಸಿ ಈಜುಕೊಳ ತೋರಿಸಿದರು, ಟಿಕೆಟ್ ತೆಗೀಬೇಡಿ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆಯವರು ದಯವಿಟ್ಟು ಓದಿ. ಮುಳುಗಿದ ಹಡಗಿನ ನಿಧಿ ಹುಡುಕುವ ಆ ಇಂಗ್ಲಿಷ್ ಸಿನಿಮಾಕ್ಕೆ ಹೋಗಬೇಡಿ. ಭಾನುವಾರ ನಾನು ಹೋಗಿ ಮೋಸ ಹೋದೆ. ಒಬ್ಬನೇ ಅಲ್ಲ, ಬೇಡ ಅಂದ ಅಕ್ಕ, ಭಾವನನ್ನೂ ಅವರ ಇಬ್ಬರು ಮಕ್ಕಳನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಐದು ಟಿಕೆಟ್, 750 ರೂಪಾಯಿ.

ಪೋಸ್ಟರಿನಲ್ಲಿ ದೊಡ್ಡ ಹಡಗು, ಶಾರ್ಕ್, ಚಿನ್ನದ ರಾಶಿ. ಕನ್ನಡ ಡಬ್ಬಿಂಗ್ ಅಲ್ವಾ ಅಂತ ಟಿಕೆಟ್ ಕೊಡುವ ಹುಡುಗನಲ್ಲಿ ಎರಡು ಸಲ ಕೇಳಿದೆ. "ಹೌದು ಸಾರ್, ಕನ್ನಡವೇ" ಅಂದ. ಒಳಗೆ ನೋಡಿದರೆ ಇಂಗ್ಲಿಷ್ ಮಾತು, ಕೆಳಗೆ ಮಲಯಾಳ ಅಕ್ಷರ. ಅಕ್ಕನ ಮಕ್ಕಳು ಓದುವುದು ಕನ್ನಡ ಮೀಡಿಯಂನಲ್ಲಿ!

ಹೋಗಲಿ, ನೀರಿನೊಳಗೆ ನೋಡಲು ಭಾಷೆ ಯಾಕೆ ಅಂತ ಸುಮ್ನೆ ಕೂತೆವು. ಒಂದು ಗಂಟೆ ಬೋಟಿನ ಮೇಲೆ ಬರೀ ಜಗಳ. ಆಮೇಲೆ ಇಳಿದರು. 50 ಮೀಟರ್ ಆಳವಂತೆ. ಅಷ್ಟು ಕೆಳಗೆ ಟಾರ್ಚ್ ಇಲ್ಲದೆ ಕೆಂಪು ಬಣ್ಣ ಕಾಣುವುದೇ ಇಲ್ಲ. ಇಲ್ಲಿ ನಾಯಕಿಯ ಸೂಟು ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಕ್ಯಾಮೆರಾ ಸ್ವಲ್ಪ ವಾಲಿತು ನೋಡಿ, ಮೂಲೆಯಲ್ಲಿ ನೀಲಿ ಟೈಲ್ಸ್. ನಡುವೆ ಸಿಮೆಂಟಿನ ಬಿಳಿ ಗೆರೆ. ಈಜುಕೊಳ ಮಾರಾಯ್ರೆ! ನನ್ನ ಕಿವಿ ಬಿಸಿಯಾಯಿತು. ಆಗಲೇ ಸಣ್ಣವಳು ಕೇಳಿದಳು, "ಮಾವ, ಅವರು ಉಸಿರು ಬಿಟ್ಟರೆ ಗುಳ್ಳೆ ಯಾಕೆ ಬರುವುದಿಲ್ಲ?" ಕೆರೆಯಲ್ಲಿ ಈಜುವ ಮಗು, ಅದಕ್ಕೂ ಗೊತ್ತಾಗಿದೆ. ನಾನು ಎಂತ ಹೇಳಲಿ?

ಒಂದು ಲೀಟರ್ ಪಾತ್ರೆ ತುಂಬ ಚಿನ್ನ ಇದ್ದರೆ 19 ಕೆಜಿ ತೂಗುತ್ತದೆ. ಹೀರೋ ಪೆಟ್ಟಿಗೆ ತುಂಬ ಚಿನ್ನವನ್ನು ಒಂದೇ ಕೈಯಲ್ಲಿ ಹಿಡಿದು ಸರ್ರನೆ ಮೇಲೆ ಬಂದ. ಹಾಗೆ ಬಂದರೆ ರಕ್ತದಲ್ಲಿ ಸಾರಜನಕ ಗುಳ್ಳೆಯಾಗಿ ಜೀವವೇ ಹೋಗಬಹುದು. ತಡೆದು ತಡೆದು ಬರಬೇಕು. ಆ ಕಾಯುವಿಕೆ ತೋರಿಸಿದ್ದರೆ ಎಷ್ಟು ಭಯ ಹುಟ್ಟುತ್ತಿತ್ತು! ಅದಕ್ಕೆ ದುಡ್ಡೂ ಜಾಸ್ತಿ ಬೇಡ.

ಮುಗಿದ ಮೇಲೆ ಕೌಂಟರಿಗೆ ಹೋದೆ. "ನಾನು ಕನ್ನಡದಲ್ಲಿ ಮಾತಾಡಿದೆ, ಸಿನಿಮಾ ಕನ್ನಡ ಅಂತ ಹೇಳಲಿಲ್ಲ" ಅಂದ ಅದೇ ಹುಡುಗ. ಮುಖ ನೋಡಿಕೊಂಡೇ ಅಂದ! ಮ್ಯಾನೇಜರ್ ಬಂದರು. "ಪೋಸ್ಟರ್ ನಾವು ಮಾಡಿದ್ದಲ್ಲ, ಕಳಿಸಿದ್ದನ್ನು ಅಂಟಿಸುತ್ತೇವೆ." ದುಡ್ಡು ಕೇಳಿದೆ. "ಮಕ್ಕಳು ನಗುತ್ತಿದ್ದರಲ್ಲ, ನಿಮಗೆ ಇನ್ನೆಂತ ಬೇಕು?" ಮಕ್ಕಳು ನಕ್ಕದ್ದು ಟೈಲ್ಸ್ ನೋಡಿ ಸ್ವಾಮಿ!

ಬಸ್ಸು ಮೊಗ್ರಾಲ್ ದಾಟುವವರೆಗೂ ಭಾವ ಒಂದು ಮಾತಾಡಲಿಲ್ಲ. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ಬಾಯಿಮಾತು ನಂಬಬೇಡಿ. ಮೊದಲು ಟ್ರೈಲರ್ ನೋಡಿ, ಭಾಷೆ ಟಿಕೆಟಿನಲ್ಲಿ ಬರೆದಿದೆಯಾ ನೋಡಿ. ಈ ವಾರವೂ ಅದೇ ಪೋಸ್ಟರ್ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿದೆ, ನಿನ್ನೆಯೂ ಇಬ್ಬರು ಮಕ್ಕಳು ಅದರ ಮುಂದೆ ನಿಂತಿದ್ದರು.