ಕೋಚಿಂಗ್‌ಗೆ ನಾಲ್ಕು ಸ್ಟಾರ್, ‘ಕ್ವಾಲಿಫೈ’ ಮಾಡಿಸಿದ್ದಕ್ಕೆ ಒಂದು

ಬನಶಂಕರಿ ಕಡೆಯ ಒಂದು ಚಿಯರ್‌ಲೀಡಿಂಗ್ ಕ್ಲಾಸಿಗೆ ನನ್ನ ಮಗಳು ಒಂದೂವರೆ ವರ್ಷದಿಂದ ಹೋಗುತ್ತಿದ್ದಾಳೆ. ಇನ್ನೂ ಅಲ್ಲೇ ಕಲಿಯುತ್ತಿದ್ದಾಳೆ, ಹಾಗಾಗಿ ಕ್ಲಾಸಿನ ಹೆಸರು ಹಾಕುತ್ತಿಲ್ಲ. ತಿಂಗಳಿಗೆ 3,500 ರೂಪಾಯಿ, ವಾರಕ್ಕೆ ಮೂರು ದಿನ, ಸಂಜೆ ಆರರಿಂದ ಏಳೂವರೆ.

ಸೇರಿಸುವಾಗ ನಮ್ಮಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಚಿಯರ್‌ಲೀಡಿಂಗ್ ಅಂದರೆ 2008ರಲ್ಲಿ ಐಪಿಎಲ್ ಶುರುವಾದಾಗ ವಾಷಿಂಗ್ಟನ್‌ನಿಂದ ಬಂದು ಚಿನ್ನಸ್ವಾಮಿಯಲ್ಲಿ ಕುಣಿದವರು, ಅಷ್ಟೇ. ಒಂದು ಶನಿವಾರ ಅವರನ್ನೇ ಕರೆದುಕೊಂಡು ಹೋದೆ. ಕೆಳಗೆ ಇಬ್ಬರು ಬೇಸ್ ಹುಡುಗಿಯರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪಾದ. ಹಿಂದೆ ಬ್ಯಾಕ್‌ಸ್ಪಾಟ್, ಮೇಲಿನವಳು ಜಾರಿದರೆ ತಲೆ, ಕುತ್ತಿಗೆ ಕಾಯುವುದು ಅವಳ ಕೆಲಸ. ಮೇಲೆ ನಿಲ್ಲುವ ಫ್ಲೈಯರ್ ನನ್ನ ಮಗಳು. ‘ಫೈವ್, ಸಿಕ್ಸ್, ಸೆವೆನ್, ಎಯ್ಟ್’ ಅಂದಿದ್ದೇ ತಡ, ಅವಳು ಎಲ್ಲರ ತಲೆಗಿಂತ ಮೇಲಿದ್ದಳು. ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದು, “ಇದು ಗರಡಿಮನೆ ಕೆಲಸ ಕಣೋ” ಅಂದರು.

ಕೋಚ್ ಮೇಡಂ ಬಗ್ಗೆ ಎರಡು ಮಾತಿಲ್ಲ. ಸೊಂಟದ ಮಟ್ಟದಲ್ಲಿ ಇಪ್ಪತ್ತು ಸಲ ಅಲುಗಾಡದೆ ನಿಲ್ಲುವವರೆಗೆ ಯಾರನ್ನೂ ಮೇಲೆ ಕಳಿಸುವುದಿಲ್ಲ. ಕೊರತೆ ಅಂದರೆ ಜಾಗ. ಸ್ಪರ್ಧೆಯ ಮ್ಯಾಟ್ 54 ಅಡಿ ಉದ್ದ, 42 ಅಡಿ ಅಗಲ. ಈ ಹಾಲ್‌ನಲ್ಲಿ ಅದರ ಅರ್ಧ ಹಾಸುವುದೇ ಕಷ್ಟ. ದೊಡ್ಡ ಮ್ಯಾಟ್ ಸಿಕ್ಕ ದಿನ ಮಕ್ಕಳು ಎಲ್ಲಿ ನಿಲ್ಲಬೇಕು ಅಂತ ತಡಕಾಡುತ್ತಾರೆ.

ಈಗ ಒಂದು ಸ್ಟಾರ್‌ನ ಕಥೆ.

ಹೋದ ವರ್ಷ ಹೊಸೂರು ರಸ್ತೆ ಕಡೆ ಒಂದು ಸ್ಪರ್ಧೆ ಇತ್ತು. ನಮ್ಮ ಹುಡುಗಿಯರಿಗೆ ಚಿನ್ನದ ಪದಕ ಬಂತು. ಮೂರು ಮೆಟ್ಟಿಲಿನ ಪೋಡಿಯಂ, ನಡುವಿನ ಎತ್ತರದ ಮೆಟ್ಟಿಲ ಮೇಲೆ, ಸುತ್ತ, ಹದಿನಾರು ಜನ ಒತ್ತಿಕೊಂಡು ನಿಂತರು. ಎರಡು, ಮೂರನೇ ಮೆಟ್ಟಿಲು ಖಾಲಿ. ಆ ವಿಭಾಗದಲ್ಲಿ ಇದ್ದದ್ದೇ ಒಂದು ತಂಡ. ಕಾರಿನಲ್ಲಿ ಮಗಳು ಪದಕ ತಿರುಗಿಸಿ ನೋಡುತ್ತಾ ಕೇಳಿದಳು: “ಅಪ್ಪಾ, ಸೋತಿದ್ದು ಯಾರು?”

ಮಾರನೇ ವಾರವೇ ಕ್ಲಾಸಿನ ಬಾಗಿಲಲ್ಲಿ ಬ್ಯಾನರ್: ‘ಅಂತರರಾಷ್ಟ್ರೀಯ ಸ್ಪರ್ಧೆಗೆ ಕ್ವಾಲಿಫೈ’. ಕೆಳಗೆ ಸಣ್ಣ ಅಕ್ಷರದಲ್ಲಿ, ತಲೆಗೆ 2,40,000 ರೂಪಾಯಿ.

ನಾನು ಹೈಸ್ಕೂಲಿನಿಂದ ಖೋ-ಖೋ ಆಡಿದವನು. ತಾಲ್ಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಗೆದ್ದರೆ ಮುಂದೆ. ಸೋತರೆ ಬಸ್ಸು ಹತ್ತಿ ಮನೆ. ಇಲ್ಲಿ ಏಣಿ ಎಲ್ಲಿದೆ ಅಂತ ಕೂತು ಓದಿದೆ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್. 2021ರಲ್ಲಿ ಒಲಿಂಪಿಕ್ ಸಮಿತಿ ಅದಕ್ಕೆ ಪೂರ್ತಿ ಮಾನ್ಯತೆ ಕೊಟ್ಟಿತು. (ಮಾನ್ಯತೆ ಮಾತ್ರ. ಆಟ ಒಲಿಂಪಿಕ್ಸ್‌ಗೆ ಸೇರಿಲ್ಲ, ಬ್ಯಾನರ್‌ನಲ್ಲಿ ಐದು ಉಂಗುರ ಹಾಕಿದವರು ಗಮನಿಸಿ.) ಅದರ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗುವುದು ದೇಶದ ತಂಡ, ಒಂದು ವಿಭಾಗಕ್ಕೆ ಒಂದು ದೇಶದಿಂದ ಒಂದೇ. ಕ್ಲಬ್‌ಗಳಿಗೆ ಅಮೆರಿಕದ ಒರ್ಲ್ಯಾಂಡೊದಲ್ಲಿ ಬೇರೆ ವಿಶ್ವಸ್ಪರ್ಧೆ ಇದೆ. ಅದಕ್ಕೆ ‘ಬಿಡ್’ ಬೇಕು, ಅಂದರೆ ಮೊದಲು ಬೇರೆ ಸ್ಪರ್ಧೆಯಲ್ಲಿ ಆಡಿ ಗಳಿಸಿಕೊಳ್ಳುವ ಪ್ರವೇಶ. ಫುಲ್ ಪೇಯ್ಡ್ ಬಿಡ್ ಗೆದ್ದರೆ ಖರ್ಚಿಗೆ ದುಡ್ಡು ಬರುತ್ತದೆ, ಪಾರ್ಷಿಯಲ್ ಪೇಯ್ಡ್‌ಗೆ ಒಂದು ಪಾಲು. ಆಟ್-ಲಾರ್ಜ್ ಅಂದರೆ ಆಡುವ ಹಕ್ಕು ಮಾತ್ರ, ಖರ್ಚು ನಿಮ್ಮದು.

ನಮ್ಮವರು ಹೊರಟಿದ್ದು ಇವೆರಡಕ್ಕೂ ಅಲ್ಲ. ಅದೊಂದು ಓಪನ್ ಸ್ಪರ್ಧೆ. ಫೀಸು ಕಟ್ಟಿ ಹೆಸರು ಕೊಟ್ಟರೆ ಯಾವ ತಂಡವಾದರೂ ಆಡಬಹುದು. ಅದು ತಪ್ಪೇನಲ್ಲ, ಮಕ್ಕಳು ಹೊರಗಿನವರ ಆಟ ನೋಡಲಿ. ಆದರೆ ಬಾಗಿಲೇ ಇಲ್ಲದ ಮನೆಗೆ ಬೀಗದ ಕೈ ಕೊಟ್ಟೆವು ಅಂತ ದುಡ್ಡು ಕೇಳಬಾರದು ಅಲ್ವಾ?

ಸ್ಕೋರ್‌ಶೀಟ್ ಕೇಳಿದೆ. ಹದಿನೈದು ದಿನ ಸುಮ್ನೆ ಅಲೆಸಿ ಕೊಟ್ಟರು. ನೂರಕ್ಕೆ 61. ಎದುರಾಳಿ ಇಲ್ಲದ್ದು ಮಕ್ಕಳ ತಪ್ಪಲ್ಲ, ನಮ್ಮಲ್ಲಿ ತಂಡಗಳೇ ಕಡಿಮೆ. ಅದಕ್ಕೇ ಒಂದು ಕನಿಷ್ಠ ಅಂಕ ಬೇಕು. ಒಬ್ಬಂಟಿಯಾಗಿ ಆಡಿದರೂ 75 ದಾಟಿದರೆ ಹೋಗಿ, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಅಂತ ಮೊದಲೇ ಬರೆದು ಕೊಡಲಿ.

ನನಗೆ ಜಾಸ್ತಿ ನೋವಾದದ್ದು ಇನ್ನೊಂದಕ್ಕೆ. ಹದಿನಾರು ಜನರಲ್ಲಿ ಐದು ಜನಕ್ಕೆ ದುಡ್ಡು ಹೊಂದಲಿಲ್ಲ. ಅವರ ಜಾಗಕ್ಕೆ ಬೇರೆ ಬ್ಯಾಚಿನಿಂದ ಐದು ಜನ ಬಂದರು. ಅವರು ಆ ಸ್ಪರ್ಧೆಯಲ್ಲಿ ಆಡಿಯೇ ಇರಲಿಲ್ಲ. ಹೊರಗಾದವರಲ್ಲಿ ಒಬ್ಬಳು ನನ್ನ ಮಗಳ ಎಡಗಾಲು ಹಿಡಿಯುವವಳು. ಅವರಪ್ಪ ಆಟೋ ಓಡಿಸುತ್ತಾರೆ. ಹೊಸಬಳ ಭುಜ ಎರಡು ಇಂಚು ಎತ್ತರ. ಮೊದಲ ದಿನ ಮಗಳು ಮೇಲೆ ಹೋದಾಗ ಎಡಗಡೆ ಎತ್ತರ, ಬಲಗಡೆ ತಗ್ಗು. ಮೂರು ಸಲ ಇಳಿಸಿದರು. ನಾಲ್ಕನೇ ಸಲ ಅವಳೇ ಹತ್ತಲಿಲ್ಲ.

“ಮೇಡಂ, ಕ್ವಾಲಿಫೈ ಆಗಿದ್ದು ಈ ಮಕ್ಕಳಾ, ನಿಮ್ಮ ಬೋರ್ಡಾ?” ಅಂತ ಕೇಳಿದೆ. “ಸರ್, ಅದು ಮ್ಯಾನೇಜ್‌ಮೆಂಟ್ ವಿಷಯ” ಅಂದು ಮ್ಯಾಟ್ ಸುತ್ತತೊಡಗಿದರು. ಅವರನ್ನು ಕೇಳಿ ಪ್ರಯೋಜನವಿರಲಿಲ್ಲ ಬಿಡಿ. ಪೆಟ್ಟಾಗಿ ಒಬ್ಬಿಬ್ಬರು ಬದಲಾದರೆ ಯಾರೂ ಬೇಡ ಅನ್ನುವುದಿಲ್ಲ. ಖೋ-ಖೋದಲ್ಲೂ ಬದಲಿ ಆಟಗಾರರಿರುತ್ತಾರೆ, ಆದರೆ ಅವರ ಹೆಸರು ಮೊದಲೇ ಪಟ್ಟಿಯಲ್ಲಿರುತ್ತದೆ.

ನಾವು ದುಡ್ಡು ಕಟ್ಟಲಿಲ್ಲ. ಮಗಳು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಂಡ ಹೋಗಿ ಬಂತು. ಈ ಸಲದ ಅರ್ಜಿ ಫಾರಂನಲ್ಲಿ ‘ಸ್ಕೋರ್‌ಶೀಟ್ ಪೋಷಕರಿಗೆ ಕೊಡಲಾಗುವುದು’ ಅಂತ ಒಂದು ಸಾಲು ಹೊಸದಾಗಿ ಸೇರಿದೆ. ಆ ಒಂದು ಸ್ಟಾರ್ ಅದಕ್ಕೆ. ಬದಲಿ ಆಟಗಾರರ ಬಗ್ಗೆ ಇನ್ನೂ ಏನೂ ಬರೆದಿಲ್ಲ.

ಎಡಗಾಲಿನ ಹುಡುಗಿ ದೀಪಾವಳಿ ಆದಮೇಲೆ ವಾಪಸ್ ಬಂದಿದ್ದಾಳೆ. ಸೇರಿಸುವವರಿಗೆ ಒಂದು ಮಾತು: ಗಾಡಿ ನಿಲ್ಲಿಸಲು ಜಾಗವಿಲ್ಲ, ಐದೂಮುಕ್ಕಾಲಿಗೇ ಹೋಗಿ. ಎದುರಿನ ಬೇಕರಿಯಲ್ಲಿ ಖಾರಾ ಬನ್ ಚೆನ್ನಾಗಿರುತ್ತದೆ.