ಪವರ್ ಆಟೊಮೇಟ್: ಫ್ಲೋ ಕಟ್ಟಿದವರು ಹೊರಟು ಹೋದಾಗ ಏನಾಗುತ್ತದೆ? ಆರು ವರ್ಷಕ್ಕೂ ಹೆಚ್ಚಿನ ಬಳಕೆಯ ಅನುಭವ

ಪವರ್ ಆಟೊಮೇಟ್ ಎಂದರೆ ಮತ್ತೆ ಮತ್ತೆ ಮಾಡುವ ಕಂಪ್ಯೂಟರ್ ಕೆಲಸವನ್ನು ತಾನಾಗಿ ಓಡಿಸುವ ಮೈಕ್ರೋಸಾಫ್ಟ್‌ನ ಸಾಧನ. ಅದರಲ್ಲಿ ನಾವು ಕಟ್ಟಿಡುವ ಹೆಜ್ಜೆಗಳ ಸರಣಿಗೆ ಫ್ಲೋ ಎನ್ನುತ್ತಾರೆ. ನಾನು ಇದನ್ನು ಬಳಸಲು ಶುರು ಮಾಡಿದಾಗ ಇದರ ಹೆಸರು ಇನ್ನೂ ಮೈಕ್ರೋಸಾಫ್ಟ್ ಫ್ಲೋ ಎಂದಿತ್ತು. 2019ರ ನವೆಂಬರ್‌ನಲ್ಲಿ ಪವರ್ ಆಟೊಮೇಟ್ ಆಯಿತು. ನಮ್ಮ ತಂಡದ ಕೆಲಸ ಸರಳ. ರಾತ್ರಿ ಮೇಲ್‌ನಲ್ಲಿ ಬರುವ ಎಕ್ಸೆಲ್ ಫೈಲ್ ಎತ್ತಿಕೊಳ್ಳಬೇಕು, ಅದರ ಸಾಲುಗಳನ್ನು ಶೇರ್‌ಪಾಯಿಂಟ್ ಲಿಸ್ಟ್‌ಗೆ (ತಂಡದವರೆಲ್ಲ ಆನ್‌ಲೈನ್‌ನಲ್ಲಿ ಬಳಸುವ ಪಟ್ಟಿ) ಸೇರಿಸಬೇಕು, ಬೆಳಿಗ್ಗೆ ಎಲ್ಲರಿಗೂ ವರದಿ ಹೋಗಬೇಕು. ಮೊದಲು ಒಬ್ಬರು ದಿನಾ ಒಂದು ಗಂಟೆ ಕೂತು ಮಾಡುತ್ತಿದ್ದರು. ಈಗ ಫ್ಲೋ ಮಾಡುತ್ತದೆ.

ಫ್ಲೋ ಕಟ್ಟುವುದು ಎಷ್ಟು ಸುಲಭ ಎಂದು ಬರೆದವರು ಬೇಕಾದಷ್ಟು ಜನ ಇದ್ದಾರೆ. ಕಟ್ಟಿದವರ ಕೈಯಿಂದ ಅದು ಇನ್ನೊಬ್ಬರ ಕೈಗೆ ಹೇಗೆ ಹೋಗುತ್ತದೆ ಎನ್ನುವುದರ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. ಏಕೆಂದರೆ ನಾವು ಪೆಟ್ಟು ತಿಂದಿದ್ದು ಅಲ್ಲೇ.

ನಮ್ಮ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟರು. ಅವರ ಹೆಸರಿನಲ್ಲಿ 11 ಫ್ಲೋ ಇದ್ದವು. ಹೊರಡುವ ಮುಂಚೆ ಫೈಲ್‌ಗಳನ್ನೆಲ್ಲ ನೀಟಾಗಿ ಒಪ್ಪಿಸಿದರು. ಫ್ಲೋಗಳ ಬಗ್ಗೆ ನಾವು ಕೇಳಲೇ ಇಲ್ಲ. ತಪ್ಪು ನಮ್ಮದೇ. ಅವರ ಅಕೌಂಟ್ ಮುಚ್ಚಿದ ಮೇಲೂ ನಾಲ್ಕು ಫ್ಲೋ ಸಲೀಸಾಗಿ ಓಡಿದವು, ಏಕೆಂದರೆ ಅವುಗಳ ಒಳಗಿದ್ದ ಕನೆಕ್ಷನ್‌ಗಳು, ಅಂದರೆ ಮೇಲ್, ಲಿಸ್ಟ್ ಮುಂತಾದವಕ್ಕೆ ಫ್ಲೋ ಒಳಹೋಗಲು ಉಳಿಸಿಟ್ಟ ಲಾಗಿನ್‌ಗಳು, ಅವರದ್ದಾಗಿರಲಿಲ್ಲ. ಆ ನಾಲ್ಕನ್ನು ನೋಡಿ ಎಲ್ಲ ಸರಿ ಇದೆ ಎಂದುಕೊಂಡೆವು. ಉಳಿದ ಏಳು ಅವರ ಮೇಲ್‌ಬಾಕ್ಸ್‌ನ ಕನೆಕ್ಷನ್ ಬಳಸುತ್ತಿದ್ದವು. ಅವು ಪ್ರತಿ ರಾತ್ರಿ ಫೇಲ್ ಆಗುತ್ತಿದ್ದವು. ಫೇಲ್ ಆಗಿದೆ ಎಂದು ತಿಳಿಸುವ ಮೇಲ್ ಹೋಗುವುದು ಮಾಲೀಕರಿಗೆ. ಮಾಲೀಕರ ಮೇಲ್‌ಬಾಕ್ಸೇ ಇಲ್ಲ. ಸತತವಾಗಿ 14 ದಿನ ಫೇಲ್ ಆದ ಫ್ಲೋವನ್ನು ಪವರ್ ಆಟೊಮೇಟ್ ತಾನೇ ಆಫ್ ಮಾಡುತ್ತದೆ. ನಮ್ಮವೂ ಹಾಗೇ ಆಫ್ ಆದವು.

ತಿಂಗಳ ಕೊನೆಯಲ್ಲಿ ವರದಿಯ ಅಂಕಿಗಳು ಹಳೆಯವು ಎಂದು ಒಬ್ಬರು ಗಮನಿಸಿದರು. ಆಗ ಹುಡುಕಾಟ ಶುರುವಾಯಿತು. ಫ್ಲೋ ಯಾವಾಗ ಓಡಿತು, ಏನಾಯಿತು ಎನ್ನುವ ದಾಖಲೆ, ಅಂದರೆ ರನ್ ಹಿಸ್ಟರಿ, 28 ದಿನ ಮಾತ್ರ ಉಳಿಯುತ್ತದೆ. ಸ್ವಲ್ಪ ತಡವಾಗಿದ್ದರೆ ಯಾವ ದಿನದಿಂದ ಸಾಲುಗಳು ತಪ್ಪಿವೆ ಎನ್ನುವ ಸುಳಿವೂ ಸಿಗುತ್ತಿರಲಿಲ್ಲ.

ಆಮೇಲೆ ನಾನು ಶೇರಿಂಗ್ ಬಗ್ಗೆ ಸರಿಯಾಗಿ ಕಲಿತೆ. ಇದರಲ್ಲಿ ಕೋ-ಓನರ್ ಮತ್ತು ರನ್-ಓನ್ಲಿ ಎಂಬ ಎರಡು ಬಗೆ ಇವೆ. ಇವೆರಡರ ವ್ಯತ್ಯಾಸ ತುಂಬಾ ದೊಡ್ಡದು. ಕೋ-ಓನರ್ ಆದವರು ಫ್ಲೋ ತಿದ್ದಬಹುದು, ಆನ್ ಆಫ್ ಮಾಡಬಹುದು, ಹಿಸ್ಟರಿ ನೋಡಬಹುದು, ಬೇರೆಯವರನ್ನು ಸೇರಿಸಬಹುದು, ಫ್ಲೋವನ್ನೇ ಅಳಿಸಿಬಿಡಬಹುದು. ಮೂಲದಲ್ಲಿ ಕಟ್ಟಿದವರನ್ನು ಮಾತ್ರ ಪಟ್ಟಿಯಿಂದ ತೆಗೆಯುವಂತಿಲ್ಲ. ರನ್-ಓನ್ಲಿ ಆದವರು ಬಟನ್ ಒತ್ತಿ ಓಡಿಸಬಹುದು, ಅಷ್ಟೇ. ಅವರು ಓಡಿಸುವಾಗ ಯಾರ ಕನೆಕ್ಷನ್ ಬಳಸಬೇಕು, ಅವರದ್ದಾ ಅಥವಾ ನಮ್ಮದಾ ಎಂದು ನಾವೇ ಆರಿಸಬಹುದು. ಈ ಆಯ್ಕೆ ನನಗೆ ತುಂಬಾ ಹಿಡಿಸಿತು. ಮೇಲ್ ಕಳಿಸುವ ಫ್ಲೋ ಆದರೆ ಒತ್ತಿದವರ ಹೆಸರಿನಿಂದಲೇ ಹೋಗಬೇಕು, ಅಲ್ವಾ?

ಮೈಕ್ರೋಸಾಫ್ಟ್ 365 ಗ್ರೂಪನ್ನೇ ಕೋ-ಓನರ್ ಮಾಡಬಹುದು. ಜನ ಬಂದು ಹೋಗುವ ತಂಡಕ್ಕೆ ಇದು ಒಳ್ಳೆಯದು. ಗ್ರೂಪ್‌ಗೆ ಹೊಸಬರು ಸೇರಿದರೆ ಫ್ಲೋ ತಾನಾಗಿ ಅವರಿಗೂ ಸಿಗುತ್ತದೆ. ಆದರೆ ಅಳಿಸುವ ಹಕ್ಕೂ ಜೊತೆಗೇ ಹೋಗುತ್ತದೆ. ಶೇರ್‌ಪಾಯಿಂಟ್ ಲಿಸ್ಟ್ ಜೊತೆ ಶೇರ್ ಮಾಡಿದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಆ ಲಿಸ್ಟ್ ತಿದ್ದುವ ಅನುಮತಿ ಇರುವ ಎಲ್ಲರೂ ಫ್ಲೋವನ್ನೂ ತಿದ್ದಬಹುದು. ನಮ್ಮ ಒಂದು ಲಿಸ್ಟ್‌ಗೆ ಅರ್ಧ ಆಫೀಸಿಗೇ ಆ ಅನುಮತಿ ಇತ್ತು. ತಕ್ಷಣ ತೆಗೆದೆ.

ಇನ್ನು ಕನೆಕ್ಷನ್ ವಿಷಯ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಫ್ಲೋದ ಪುಟದಲ್ಲಿ ಯಾರ ಹೆಸರಿದೆ ಎನ್ನುವುದಕ್ಕಿಂತ ಒಳಗಿನ ಪ್ರತಿ ಹೆಜ್ಜೆ ಯಾರ ಲಾಗಿನ್‌ನಿಂದ ಓಡುತ್ತಿದೆ ಎನ್ನುವುದೇ ಮುಖ್ಯ. ನಾನು ಕೋ-ಓನರ್ ಆದರೂ ಇನ್ನೊಬ್ಬರು ಮಾಡಿದ ಕನೆಕ್ಷನ್‌ನ ಪಾಸ್‌ವರ್ಡ್ ಬದಲಾಯಿಸಲು ನನಗೆ ಆಗುವುದಿಲ್ಲ. ಅದನ್ನು ತೆಗೆದು ನನ್ನದನ್ನು ಹಾಕಬೇಕು. ಹೆಸರು ಮಾತ್ರ ಬದಲಾಯಿಸಿ ಕನೆಕ್ಷನ್ ಹಾಗೇ ಬಿಟ್ಟರೆ, ಮನೆ ಬಿಟ್ಟುಕೊಟ್ಟು ಬೀಗದ ಕೈ ತಾವೇ ಇಟ್ಟುಕೊಂಡ ಹಾಗೆ.

ಮಾಲೀಕತ್ವ ಬದಲಾಯಿಸುವ ಭಾಗವೇ ನನಗೆ ಕಷ್ಟ ಅನಿಸಿದ್ದು. ‘ಮೈ ಫ್ಲೋಸ್’ ಅಡಿಯಲ್ಲಿ ಸುಮ್ನೆ ಕಟ್ಟಿದ ಫ್ಲೋಗೆ ಮೂಲ ಮಾಲೀಕರನ್ನು ಬದಲಾಯಿಸಲು ಆಗುವುದಿಲ್ಲ. ಕೋ-ಓನರ್ ಸೇರಿಸಬಹುದು, ಇಲ್ಲವೇ ನಕಲು ಮಾಡಿಕೊಳ್ಳಬಹುದು. ಮೊದಲ ಸಲ ನಾನು ನಕಲಿನ ದಾರಿ ಹಿಡಿದೆ. ನಕಲು ಎಂದರೆ ಹೊಸ ಫ್ಲೋ, ಅದಕ್ಕೆ ಹಳೆಯ ರನ್ ಹಿಸ್ಟರಿ ಬರುವುದಿಲ್ಲ. ಇನ್ನೊಂದು ತೊಂದರೆ ನನಗೆ ಮೊದಲು ಹೊಳೆದಿರಲಿಲ್ಲ. ಒಂದು ಫ್ಲೋ ಎಚ್‌ಟಿಟಿಪಿ ಟ್ರಿಗರ್‌ನಿಂದ, ಅಂದರೆ ತನ್ನ ವೆಬ್ ವಿಳಾಸಕ್ಕೆ (ಯುಆರ್‌ಎಲ್) ಹೊರಗಿನಿಂದ ಡೇಟಾ ಬಂದಾಗ, ಶುರುವಾಗುತ್ತಿತ್ತು. ನಕಲಿಗೆ ಹೊಸ ಯುಆರ್‌ಎಲ್ ಬಂತು. ಹಳೆಯ ಯುಆರ್‌ಎಲ್‌ಗೆ ಡೇಟಾ ಕಳಿಸುತ್ತಿದ್ದ ಮೂರು ಕಡೆ ಹೋಗಿ ತಿದ್ದಬೇಕಾಯಿತು.

ಸಲ್ಯೂಷನ್ ಎಂದರೆ ಫ್ಲೋ ಮತ್ತು ಅದಕ್ಕೆ ಬೇಕಾದ್ದನ್ನು ಒಟ್ಟಿಗೆ ಇಡುವ ಒಂದು ಡಬ್ಬಿಯ ಹಾಗೆ. ಅದರ ಒಳಗಿರುವ ಫ್ಲೋ ಆದರೆ ಈ ತಲೆನೋವು ಇಲ್ಲ. ಅಲ್ಲಿ ಫ್ಲೋದ ವಿವರಗಳ ಪುಟದಲ್ಲಿ ಎಡಿಟ್ ಒತ್ತಿ ಮಾಲೀಕರನ್ನೇ ಬದಲಾಯಿಸಬಹುದು. ಹಿಸ್ಟರಿ ಉಳಿಯುತ್ತದೆ, ಯುಆರ್‌ಎಲ್ ಉಳಿಯುತ್ತದೆ. ಜೊತೆಗೆ ಕನೆಕ್ಷನ್ ರೆಫರೆನ್ಸ್ ಎಂಬುದು ಸಿಗುತ್ತದೆ, ಅಂದರೆ ಯಾವ ಕನೆಕ್ಷನ್ ಬಳಸಬೇಕು ಎಂದು ತೋರಿಸುವ ಗುರುತು. ಐದು ಫ್ಲೋಗಳು ಒಂದೇ ರೆಫರೆನ್ಸ್ ಬಳಸುತ್ತಿದ್ದರೆ ಒಂದು ಕಡೆ ಬದಲಾಯಿಸಿದರೆ ಸಾಕು. ಹಳೆಯ ಫ್ಲೋಗಳನ್ನೂ ಸಲ್ಯೂಷನ್‌ಗೆ ಸೇರಿಸಲು ಬರುತ್ತದೆ. ನನ್ನನ್ನು ಕೇಳಿದರೆ ತಂಡದ ಕೆಲಸಕ್ಕೆ ಕಟ್ಟುವ ಫ್ಲೋ ಮೊದಲ ದಿನದಿಂದಲೇ ಸಲ್ಯೂಷನ್‌ನಲ್ಲಿ ಇರಬೇಕು. ಹೊಸಬರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೇಳಬೇಕಿತ್ತು ಅಂತ ನನಗೆ ನಿಜವಾಗಿ ಅನಿಸುತ್ತದೆ.

ಲೈಸೆನ್ಸ್ ಕೂಡ ನೋಡಿಕೊಳ್ಳಿ. ಶೆಡ್ಯೂಲ್ ಮೇಲೆ ಓಡುವ ಫ್ಲೋದಲ್ಲಿ ಪ್ರೀಮಿಯಂ ಕನೆಕ್ಟರ್ (ಬೇರೆ ಸೇವೆಗೆ ಜೋಡಿಸುವ, ಪ್ರತ್ಯೇಕ ಲೈಸೆನ್ಸ್ ಬೇಕಾಗುವ ಭಾಗ) ಇದ್ದರೆ ಅದು ಮಾಲೀಕರ ಲೈಸೆನ್ಸ್ ಮೇಲೆ ನಡೆಯುತ್ತದೆ. ಹೊಸ ಮಾಲೀಕರಿಗೆ ಅದು ಇಲ್ಲದಿದ್ದರೆ ಹೆಸರು ಬದಲಾಯಿಸಿ ಉಪಯೋಗವಿಲ್ಲ.

ಮಾಲೀಕರಿಲ್ಲದೆ ಅನಾಥವಾದ ಫ್ಲೋಗಳನ್ನು ಹುಡುಕಿ ಹೊಸಬರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಪವರ್ ಪ್ಲಾಟ್‌ಫಾರ್ಮ್ ಅಡ್ಮಿನ್ ಸೆಂಟರ್‌ನಿಂದ ಅದು ಆಗುತ್ತದೆ. ನಮ್ಮ ಏಳು ಫ್ಲೋಗಳು ಉಳಿದಿದ್ದು ಹಾಗೆ. ಅಡ್ಮಿನ್ ನನ್ನನ್ನು ಕೋ-ಓನರ್ ಮಾಡಿದರು. ಆದರೆ ಕನೆಕ್ಷನ್‌ಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿದ್ದು ನಾನೇ. ಎರಡು ದಿನ ಹಿಡಿಯಿತು.

ಇದು ಈ ಒಂದು ಸಾಧನದ ಸ್ವಭಾವ ಎಂದುಕೊಳ್ಳಬೇಡಿ. ವರದಿ ತಯಾರಿಸುವ ಪವರ್ ಬಿಐನಲ್ಲಿ ಡೇಟಾ ತಂದು ಸಿದ್ಧಮಾಡುವ ಡೇಟಾಫ್ಲೋಗೆ ‘ಟೇಕ್ ಓವರ್’ ಬಟನ್ ಇದೆ. ಒತ್ತಿದರೆ ಮಾಲೀಕತ್ವ ನಮಗೆ ಬರುತ್ತದೆ, ಆದರೆ ಡೇಟಾ ಮೂಲದ ಲಾಗಿನ್ ವಿವರ ನಾವೇ ಕೊಡಬೇಕು. ಗೂಗಲ್ ಶೀಟ್ ಮುಂತಾದವುಗಳ ಕೆಲಸ ತಾನಾಗಿ ನಡೆಸುವ ಗೂಗಲ್ ಆಪ್ಸ್ ಸ್ಕ್ರಿಪ್ಟ್‌ನಲ್ಲೂ ಟೈಮ್ ಟ್ರಿಗರ್ (ಗೊತ್ತುಮಾಡಿದ ಸಮಯಕ್ಕೆ ಕೆಲಸ ಶುರುಮಾಡುವುದು) ಓಡುವುದು ಅದನ್ನು ಇಟ್ಟವರ ಅಕೌಂಟ್‌ನಿಂದ. ಶೀಟನ್ನು ನನ್ನ ಹೆಸರಿಗೆ ಮಾಡಿಕೊಟ್ಟರೂ ಟ್ರಿಗರ್ ನನ್ನದಾಗುವುದಿಲ್ಲ.

ಈಗ ನಮ್ಮಲ್ಲಿ ಪದ್ಧತಿ ಬದಲಾಗಿದೆ. ಮುಖ್ಯ ಫ್ಲೋಗಳ ಕನೆಕ್ಷನ್‌ಗಳೆಲ್ಲ ಯಾವ ವ್ಯಕ್ತಿಯದ್ದೂ ಅಲ್ಲದ ಒಂದು ಸರ್ವಿಸ್ ಅಕೌಂಟ್‌ನಲ್ಲಿವೆ. ಪ್ರತಿ ಫ್ಲೋಗೆ ಕನಿಷ್ಠ ಇಬ್ಬರು ಮಾಲೀಕರು. ಯಾರಾದರೂ ಹೊರಡುವ ಮುಂಚೆ ಅವರ ಪಕ್ಕದಲ್ಲೇ ಕೂತು ಒಂದೊಂದು ಫ್ಲೋ ತೆರೆಯುತ್ತೇವೆ, ಕನೆಕ್ಷನ್ ಬದಲಾಯಿಸುತ್ತೇವೆ, ಟೆಸ್ಟ್ ಒತ್ತಿ ಓಡಿಸಿ ನೋಡುತ್ತೇವೆ. ಅವರು ಪಕ್ಕದಲ್ಲಿ ಇರುವುದು ತುಂಬಾ ಮುಖ್ಯ. ಈ ಹೆಜ್ಜೆ ಯಾಕೆ ಇದೆ ಎಂಬ ಪ್ರಶ್ನೆಗೆ ಉತ್ತರ ಅವರ ತಲೆಯಲ್ಲಿ ಮಾತ್ರ ಇರುತ್ತದೆ. ಕೇಳಿದ ತಕ್ಷಣ ಫ್ಲೋದ ವಿವರಣೆಯಲ್ಲಿ ಬರೆದಿಡುತ್ತೇವೆ.

ಶೇರಿಂಗ್‌ಗೆ ನಾನು 5ಕ್ಕೆ 4 ಕೊಡುತ್ತೇನೆ. ಮಾಲೀಕತ್ವ ಬದಲಾವಣೆಗೆ ಸಲ್ಯೂಷನ್ ಒಳಗಿದ್ದರೆ 4, ಹೊರಗಿದ್ದರೆ 2. ನಾನು ಇನ್ನೂ ಇದನ್ನೇ ಬಳಸುತ್ತೇನೆ, ಬೇರೆಯವರಿಗೂ ಹೇಳುತ್ತೇನೆ. ನನ್ನ ಹೆಸರಿನಲ್ಲೇ ಹಳೆಯ ಮೂರು ಫ್ಲೋ ಸಲ್ಯೂಷನ್ ಹೊರಗೆ ಉಳಿದಿವೆ. ಈ ವಾರ ಅವನ್ನು ಒಳಗೆ ಸೇರಿಸಿ, ತಂಡಕ್ಕೆ ಹೊಸದಾಗಿ ಬಂದವರ ಹೆಸರಿಗೆ ಮಾಡಿಕೊಡುತ್ತಿದ್ದೇನೆ.