ಮೊಬೈಲ್ ಡೇಟಾದಲ್ಲಿರುವ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ದಾರಿ: ಎರಡು ವರ್ಷ ವೈರ್‌ಗಾರ್ಡ್ ಬಳಸಿದ ಮೇಲೆ

ಸಾಗರದ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಲಿನಕ್ಸ್ ಹಾಕಿದ್ದೇನೆ. ಅಪ್ಪನ ಅಡಿಕೆ ಲೆಕ್ಕ, ಸ್ಕ್ಯಾನ್ ಮಾಡಿದ ಪಹಣಿ, ಮನೆಯವರ ಫೋಟೋ ಎಲ್ಲ ಅದರಲ್ಲೇ. ನಮ್ಮ ಕಡೆ ಇನ್ನೂ ಕೇಬಲ್ ಇಂಟರ್ನೆಟ್ ಬಂದಿಲ್ಲ. ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯಲ್ಲಿ ಮಾತ್ರ. ಅಲ್ಲೊಂದು ಹಳೇ ಫೋನ್ ಇಟ್ಟು, ಯುಎಸ್‌ಬಿ ಟೆದರಿಂಗ್ ಮಾಡಿ ಲ್ಯಾಪ್‌ಟಾಪ್‌ಗೆ ನೆಟ್ ಕೊಟ್ಟಿದ್ದೇನೆ. ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿಂದ ಅದರೊಳಗೆ ಲಾಗಿನ್ ಆಗಬೇಕು, ಇಷ್ಟೇ ನನಗೆ ಬೇಕಾಗಿದ್ದು.

ಆಗಲಿಲ್ಲ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಪ್ರೋಗ್ರಾಂ) ಮಾಡಿದರೆ ಟೈಮ್‌ಔಟ್.

ಮೊದಲು ನನ್ನದೇ ತಪ್ಪು ಅಂದುಕೊಂಡೆ. ಊರಿಗೆ ಹೋದಾಗ ಕೂತು ನೋಡಿದೆ. ಎಸ್‌ಎಸ್‌ಎಚ್ ನಡೆಯುತ್ತಿದೆ, ಫೈರ್‌ವಾಲ್‌ನಲ್ಲಿ ಅದಕ್ಕೆ ಬೇಕಾದ 22ನೇ ಪೋರ್ಟ್ ತೆರೆದಿದೆ, ಟೆದರಿಂಗ್ ಕೊಟ್ಟ ಫೋನ್‌ನಿಂದಲೇ ಲಾಗಿನ್ ಮಾಡಿದರೆ ಸಲೀಸಾಗಿ ಆಗುತ್ತದೆ. ಕೊನೆಗೆ ಬರುವ ಹೋಗುವ ಪ್ರತಿ ಪ್ಯಾಕೆಟ್ಟನ್ನೂ ಒಂದೊಂದು ಸಾಲಾಗಿ ತೋರಿಸುವ ಟಿಸಿಪಿಡಂಪ್ ಓಡಿಸಿಟ್ಟು, ಬೇರೆ ಸಿಮ್ ಇರುವ ಫೋನ್‌ನಿಂದ ಪ್ರಯತ್ನಿಸಿದೆ. ಹತ್ತು ಸಲ ಒತ್ತಿದರೂ ಪರದೆಯಲ್ಲಿ ಒಂದೇ ಒಂದು ಸಾಲು ಬರಲಿಲ್ಲ. ಅಂದರೆ ಲ್ಯಾಪ್‌ಟಾಪ್ ಯಾರನ್ನೂ ತಡೆಯುತ್ತಿಲ್ಲ. ಅದರ ಬಾಗಿಲವರೆಗೆ ಯಾರೂ ಬರುತ್ತಲೇ ಇಲ್ಲ.

ಕಾರಣ ಗೊತ್ತಾಗಿದ್ದು ಐಪಿ ವಿಳಾಸಗಳನ್ನು ಪಕ್ಕಪಕ್ಕ ಬರೆದುಕೊಂಡಾಗ. ಲ್ಯಾಪ್‌ಟಾಪ್‌ನಲ್ಲಿ 192.168ರಿಂದ ಶುರುವಾಗುವ ವಿಳಾಸ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ 10ರಿಂದ ಶುರುವಾಗುವುದು. 'ನನ್ನ ಐಪಿ ಏನು' ಅಂತ ತೋರಿಸುವ ವೆಬ್‌ಸೈಟ್‌ನಲ್ಲಿ ಮೂರನೆಯದೇ ಒಂದು. ಮಧ್ಯೆ ಎರಡು ಕಡೆ ವಿಳಾಸ ಬದಲಾಗುತ್ತಿದೆ: ಒಮ್ಮೆ ಫೋನ್‌ನಲ್ಲಿ, ಇನ್ನೊಮ್ಮೆ ಮೊಬೈಲ್ ಕಂಪನಿಯ ಒಳಗೆ. ಈ ಎರಡನೆಯದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹಳೇ ಮಾದರಿಯ ಐಪಿವಿ4 ವಿಳಾಸಗಳು ಸಾಲದೆ, ಹೊರಗಿನವರಿಗೆ ಕಾಣುವ ಒಂದೇ ಪಬ್ಲಿಕ್ ವಿಳಾಸದ ಹಿಂದೆ ಎಷ್ಟೋ ಗ್ರಾಹಕರನ್ನು ಕೂರಿಸುವ ಏರ್ಪಾಡು. ಇದಕ್ಕಂತಲೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ನಿಮ್ಮ ಫೋನ್‌ನಲ್ಲಿ 10ರ ಬದಲು ಅಂಥದ್ದು ಕಂಡರೂ ಕಥೆ ಇದೇ. ಒಳಗಿನಿಂದ ಹೊರಟ ಮಾತಿಗೆ ಉತ್ತರ ವಾಪಸ್ ಬರುತ್ತದೆ, ಆದರೆ ಹೊರಗಿನಿಂದ ಹೊಸದಾಗಿ ಬಂದವರನ್ನು ಯಾರ ಮನೆಗೆ ಕಳಿಸಬೇಕು ಅಂತ ವಿಳಾಸ ಬದಲಿಸುವ ಕಂಪನಿಯ ಪೆಟ್ಟಿಗೆಗೆ ಗೊತ್ತಿರುವುದಿಲ್ಲ. ಹೊಸ ಮಾದರಿಯ ಐಪಿವಿ6 ವಿಳಾಸವೂ ಇತ್ತು, ಆದರೆ ನನ್ನ ಸಿಮ್‌ನಲ್ಲಿ ಆ ದಾರಿಯಿಂದಲೂ ಒಳಬರುವುದನ್ನು ಬಿಡಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದಕ್ಕೆ, ಫೋನ್ ಆಫ್ ಮಾಡಿ ಆನ್ ಮಾಡಿ ಸರ್ ಅಂದರು. ಮಾಡಿದೆ ಕೂಡ!

ಹೊರಗಿನಿಂದ ಒಳಗೆ ಬರಲು ಆಗದಿದ್ದರೆ, ಒಳಗಿನಿಂದಲೇ ಹೊರಟು ಎಲ್ಲೋ ಒಂದು ಕಡೆ ಸೇರಬೇಕು. ಆ ಜಾಗಕ್ಕೆ ತಿಂಗಳಿಗೆ ಸುಮಾರು 400 ರೂಪಾಯಿಯ ಪುಟ್ಟ ಸರ್ವರ್ ಬಾಡಿಗೆಗೆ ಹಿಡಿದೆ. ಅದಕ್ಕೆ ಪಬ್ಲಿಕ್ ವಿಳಾಸ ಇದೆ. ಊರಿನ ಲ್ಯಾಪ್‌ಟಾಪ್ ಅಲ್ಲಿಗೆ ವೈರ್‌ಗಾರ್ಡ್ (ಎರಡು ಯಂತ್ರಗಳ ನಡುವೆ ಬೀಗ ಹಾಕಿದ ಖಾಸಗಿ ದಾರಿ ಮಾಡಿಕೊಡುವ ವಿಪಿಎನ್) ಸುರಂಗ ಹಾಕುತ್ತದೆ, ನಾನೂ ಬೆಂಗಳೂರಿನಿಂದ ಅಲ್ಲಿಗೇ ಹಾಕುತ್ತೇನೆ. 2020ರ ಮಾರ್ಚ್‌ನಲ್ಲಿ ಬಂದ 5.6ನೇ ಆವೃತ್ತಿಯಿಂದ ವೈರ್‌ಗಾರ್ಡ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಕಾನ್ಫಿಗ್ ಫೈಲ್ ಹತ್ತು ಹನ್ನೆರಡು ಸಾಲು. ಸರ್ವರ್‌ನಲ್ಲಿ ಯುಡಿಪಿ 51820 ಪೋರ್ಟ್ ತೆರೆದು, ಒಬ್ಬರ ಪ್ಯಾಕೆಟ್ ಇನ್ನೊಬ್ಬರಿಗೆ ದಾಟಿಸುವ ಐಪಿ ಫಾರ್ವರ್ಡಿಂಗ್ ಆನ್ ಮಾಡಿದರೆ ಆಯಿತು.

ಮುಖ್ಯವಾದ ಸಾಲು ಪರ್ಸಿಸ್ಟೆಂಟ್ ಕೀಪ್‌ಅಲೈವ್. ಊರಿನ ಕಡೆ ಅದನ್ನು 25 ಅಂತ ಇಡಿ. 25 ಸೆಕೆಂಡಿಗೊಮ್ಮೆ ಲ್ಯಾಪ್‌ಟಾಪ್ 'ಇದ್ದೇನೆ' ಅಂತ ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತದೆ, ಮಧ್ಯದ ಸಿಜಿನ್ಯಾಟ್‌ನ ಬಾಗಿಲು ಮುಚ್ಚುವುದಿಲ್ಲ. ಡೇಟಾ ಖಾಲಿಯಾಗುತ್ತಾ ಅಂತ ಭಯ ಇತ್ತು. ಲೆಕ್ಕ ಹಾಕಿದೆ: ದಿನಕ್ಕೆ 3456 ಪ್ಯಾಕೆಟ್, ಒಂದೊಂದು 60 ಬೈಟ್, ಒಟ್ಟು 200 ಕೆಬಿ ಚಿಲ್ಲರೆ. ಒಂದು ಗುಡ್ ಮಾರ್ನಿಂಗ್ ಫೋಟೋದಷ್ಟು, ಅಷ್ಟೇ ಅಲ್ವಾ. ಫೋನ್‌ನ ಐಪಿ ಬದಲಾದರೂ ಸುರಂಗ ಬೀಳುವುದಿಲ್ಲ, ಹೊಸ ವಿಳಾಸದಿಂದ ಸರಿಯಾದ ಕೀ ಇರುವ ಪ್ಯಾಕೆಟ್ ಬಂದರೆ ಸರ್ವರ್ ಅದನ್ನೇ ಹಿಡಿದುಕೊಳ್ಳುತ್ತದೆ. ಸಿಗ್ನಲ್ ಹೋಗಿ ಬರುವ ನಮ್ಮಂಥ ಊರಿಗೆ ಇದು ದೊಡ್ಡ ವರ.

ಎಡವಿದ್ದೂ ಇದೆ. ಮೊದಲ ವಾರ ಲಾಗಿನ್ ಆಗುತ್ತಿತ್ತು, ಸಣ್ಣ ಕಮಾಂಡ್ ನಡೆಯುತ್ತಿತ್ತು, ಫೋಟೋ ಫೋಲ್ಡರ್ ತೆರೆದರೆ ಗಪ್‌ಚಿಪ್. ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಅನ್ನುವ ಮಿತಿ, 1420 ಇದ್ದಿದ್ದನ್ನು 1280ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಸಣ್ಣದು ಹೋಗಿ ದೊಡ್ಡದು ಸಿಕ್ಕಿಕೊಂಡರೆ ಮೊದಲು ಇದನ್ನೇ ನೋಡಿ.

ವೈರ್‌ಗಾರ್ಡ್‌ನ ಸ್ವಭಾವ ಮೌನ. ಕೀ ತಪ್ಪಿದ್ದರೆ ಬೈಯುವುದೂ ಇಲ್ಲ. 'ಲೇಟೆಸ್ಟ್ ಹ್ಯಾಂಡ್‌ಶೇಕ್', ಅಂದರೆ ಎರಡೂ ಕಡೆಯವರು ಪರಸ್ಪರ ಗುರುತು ಹಿಡಿದದ್ದು, ಎಷ್ಟು ಹೊತ್ತಿನ ಹಿಂದೆ ಆಯಿತು ಅನ್ನುವ ಒಂದೇ ಸಾಲು ನಮ್ಮ ಆಧಾರ. ಹೋದ ಮಳೆಗಾಲ ಆ ಸಾಲು ಎರಡು ದಿನ ಅಲ್ಲಾಡಲಿಲ್ಲ. ಕರೆಂಟ್ ಹೋಗಿ ಬಂದಿತ್ತು, ಅಮ್ಮ ಬಟನ್ ಒತ್ತಿ ಆನ್ ಮಾಡಿದ್ದಳು, ನೆಟ್ ಇತ್ತು. ಏನೂ ಹೊಳೆಯದೆ ಫೋನ್‌ನಲ್ಲಿ, "ಅಮ್ಮಾ, ಪರದೆಯಲ್ಲಿ ಏನೇನಿದೆ ಎಲ್ಲ ಓದು" ಅಂದೆ. ಅವಳು ಓದುತ್ತಾ ಹೋಗಿ, "ಮೂಲೇಲಿ ಎರಡು ವರ್ಷದ ಹಿಂದಿನ ತಾರೀಕು ತೋರಿಸ್ತಾ ಇದೆ ಕಣೋ, ಅದು ಸರೀನಾ?" ಅಂದಳು.

ಅದೇ ಆಗಿತ್ತು. ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದಕ್ಕೆ ಮೊದಲೇ ತೆಗೆದಿದ್ದೆ, ಒಳಗಿನ ಗುಂಡಿ ಸೆಲ್ಲೂ ಸತ್ತಿತ್ತು. ಗಡಿಯಾರ ಹಿಂದಕ್ಕೆ ಹೋಗಿತ್ತು. ಮೊದಲು ನೋಡಿದ್ದಕ್ಕಿಂತ ಹಳೇ ಸಮಯ ಹೊತ್ತು ಬಂದ ಹ್ಯಾಂಡ್‌ಶೇಕನ್ನು, ಯಾರೋ ಕದ್ದು ಮತ್ತೆ ಕಳಿಸಿದ್ದಾರೆ ಅಂತ ವೈರ್‌ಗಾರ್ಡ್ ಸುಮ್ನೆ ಬಿಸಾಡುತ್ತದೆ. ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳೋಣ ಅಂದರೆ, ನಾನು ಜಾಣತನ ಮಾಡಿ ಎಲ್ಲ ಟ್ರಾಫಿಕ್ಕನ್ನೂ ಸುರಂಗದಲ್ಲೇ ಹೋಗುವ ಹಾಗೆ ಬರೆದಿದ್ದೆ, ಸುರಂಗವೇ ಬಿದ್ದಿದ್ದರಿಂದ ಅದೂ ಆಗಲಿಲ್ಲ. ಅಮ್ಮನೇ ತಾರೀಕು ಬದಲಿಸಿದಳು, ಅರ್ಧ ನಿಮಿಷದಲ್ಲಿ ಹ್ಯಾಂಡ್‌ಶೇಕ್ ಬಂತು. ಸರ್ವರ್‌ನಲ್ಲಿ ಆ ಪೀರ್ (ಲ್ಯಾಪ್‌ಟಾಪ್‌ನ ನಮೂದು) ತೆಗೆದು ಮತ್ತೆ ಸೇರಿಸಿದ್ದರೂ ಸಾಕಿತ್ತು ಅಂತ ಆಮೇಲೆ ತಿಳಿಯಿತು. ಈಗ ಸುರಂಗದಲ್ಲಿ ನಮ್ಮ ಮೂರು ಯಂತ್ರಗಳ ಮಾತು ಮಾತ್ರ ಹೋಗುತ್ತದೆ, ಉಳಿದದ್ದೆಲ್ಲ ನೇರ. ಗುಂಡಿ ಸೆಲ್ ಹಾಕಿಸಬೇಕು, ಇನ್ನೂ ಹಾಕಿಸಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಅಮ್ಮ ಬಟನ್ ಒತ್ತಿ, ತಾರೀಕು ನೋಡಿ, ನನಗೊಂದು ಮಿಸ್ಡ್ ಕಾಲ್ ಕೊಡುತ್ತಾಳೆ.